ಎಡದಿಂದ ಬಲಕ್ಕೆ

ಆ ಹಿಡಿಯನ್ನು ತಿರುಗಿಸಿದವಳು ನಾನು. ವಿಮಾನ ನೆಲಕ್ಕೆ ಬಿದ್ದ ಮೇಲೆ, ಅದರ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಕಾಲು ಸಿಕ್ಕಿಕೊಂಡು ಕೂಗುತ್ತಿದ್ದಾಗ, ನಾನು ರೆಕ್ಕೆಯ ಮೇಲೆ ಹತ್ತಿ, ಮುಂದಿನ ಸೀಟಿನಲ್ಲಿದ್ದ ನನ್ನ ಗಂಡನ ತೊಡೆಯ ಮೇಲಿಂದ ಕೈ ಚಾಚಿ, ಬೆರಳುದ್ದದ ಒಂದು ಹಿಡಿಯನ್ನು ಎಡದಿಂದ ಬಲಕ್ಕೆ ತಿರುಗಿಸಿದೆ. ಯಾರೂ ನೋಡಲಿಲ್ಲ. ಆ ಒಂದು ತಿರುವಿನಿಂದಾಗಿ, ಏನೂ ತಪ್ಪು ಮಾಡದ ಒಬ್ಬರು ತಮ್ಮ ಕೈಯಿಂದಲೇ ತಮ್ಮ ಮಗಳ ಕಾಲು ಹೋಯಿತು ಎಂದು ನಂಬಿ ನಾಲ್ಕು ವರ್ಷ ಬದುಕಿದರು. ನಂಬಲಿ ಎಂದು ಬಿಟ್ಟವಳೂ ನಾನೇ.

ಇದನ್ನು ಎಲ್ಲಿಂದ ಹೇಳಬೇಕೋ ತಿಳಿಯದು. ಶೆಡ್ಡಿನಿಂದ ಶುರು ಮಾಡುತ್ತೇನೆ— ನಾವೆಲ್ಲರೂ ಸಂತೋಷವಾಗಿದ್ದದ್ದು ಅಲ್ಲಿ.

ನನ್ನ ಗಂಡ ಸೋಮಶೇಖರ್ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ನಾನು ಹಲಸೂರಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಇಬ್ಬರೂ ನಿವೃತ್ತರಾಗಿ ಸಿ.ವಿ. ರಾಮನ್ ನಗರದ ಮನೆಯಲ್ಲಿ ನೆಲೆ ನಿಂತ ಮೇಲೆ ಇವರಿಗೆ ಮಾಡಲು ಕೆಲಸವೇ ಇಲ್ಲದಂತಾಯಿತು. ಆಕಾಶದಲ್ಲಿ ವಿಮಾನದ ಸದ್ದಾದರೆ ಸಾಕು, ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅಂಗಳಕ್ಕೆ ಓಡುತ್ತಿದ್ದರು. ಅಂಥ ದಿನಗಳಲ್ಲಿ ಒಂದು ಸುದ್ದಿ ಬಂತು. ಒಂದು ಶಾಲೆಯ ಮುಂದೆ, ಸಿಮೆಂಟ್ ಕಟ್ಟೆಯ ಮೇಲೆ ಎಷ್ಟೋ ವರ್ಷಗಳಿಂದ ನಿಲ್ಲಿಸಿದ್ದ ಹಳೆಯ ವಿಮಾನವೊಂದನ್ನು ಗುಜರಿಗೆ ಹಾಕುತ್ತಾರಂತೆ. ನೋಡಿ ಬರಲು ಹೋದ ಇವರು ಹೊತ್ತು ಮುಳುಗುವವರೆಗೂ ಅದರ ಮೂತಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಎರಡು ಸೀಟಿನ ತರಬೇತಿ ವಿಮಾನ. ಹುಡುಗನಾಗಿದ್ದಾಗ ಇವರು ಮೊದಲ ಬಾರಿ ಒಬ್ಬರೇ ಹಾರಿದ್ದು ಅಂಥದೇ ಒಂದರಲ್ಲಿ.

ಅದಕ್ಕೆ ಜಾಗ ಕೊಟ್ಟವರು ಮುನಿರಾಜಣ್ಣ. ಕೆ.ಆರ್. ಪುರದ ಆಚೆ ಅವರ ಹಿರಿಯರದು ದ್ರಾಕ್ಷಿ ತೋಟವಿತ್ತು. ತೋಟವೆಲ್ಲ ಸೈಟುಗಳಾದರೂ ಹಣ್ಣು ತುಂಬುತ್ತಿದ್ದ ತಗಡಿನ ಶೆಡ್ ಒಂದು ಕೆರೆಯ ಪಕ್ಕ ಹಾಗೇ ಉಳಿದಿತ್ತು.

“ಗುಜ್ರಿಗೆ ಹೋಗೋದ್ ಬದ್ಲು ನಮ್ ಶೆಡ್‌ಗೆ ಬರ್ಲಿ ಬಿಡಿ ಸಾರ್,” ಎಂದರು ಅವರು. “ಚಿಕ್ಕೋನಿದ್ದಾಗ ತೋಟದಲ್ಲಿ ನಿಂತ್ಕಂಡು ಇಂಥವಕ್ಕೇ ಕೈ ಬೀಸ್ತಿದ್ದೆ. ಬಾಡಿಗೆ ಗೀಡಿಗೆ ಮಾತಾಡ್ಬೇಡಿ. ಒಂದಿನ ಎದ್ದು ಹಾರಿದ್ರೆ ಸಾಕು.”

ಎಂಜಿನ್ನಿನ ಹೊಣೆ ಹೊತ್ತವರು ಇಕ್ಬಾಲ್ ಭಾಯಿ. ಶಿವಾಜಿನಗರದವರು, ಅಣ್ಣತಮ್ಮಂದಿರೆಲ್ಲ ಹಾರ್ಡ್‌ವೇರ್ ಅಂಗಡಿ ಹಿಡಿದರೆ ಅವರೊಬ್ಬರು ಓದಿ ಎಂಜಿನಿಯರ್ ಆಗಿ, ವಿಮಾನದ ಎಂಜಿನ್ನುಗಳನ್ನು ಪರೀಕ್ಷಿಸುವ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡವರು. ದೊಡ್ಡ ಗಂಟಲು, ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹಿಂದೆ ಅತ್ತರು. ತನ್ನಂಥ ಎಂಜಿನ್ ಮನುಷ್ಯ ಈ ಊರಲ್ಲಿ ಮತ್ತೊಬ್ಬನಿಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು, ಅದು ನಿಜವೂ ಆಗಿತ್ತು. ಅವರ ಮಗಳು ನಸ್ರೀನ್ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. ಇಲಿಗಳು ತಿಂದುಹಾಕಿದ್ದ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದವಳು ಅವಳು. ರೇಡಿಯೋ ಕೂಡಿಸಿದವಳೂ ಅವಳೇ. ಅಪ್ಪ ಮಗಳು ದಿನವಿಡೀ ಜಗಳವಾಡುತ್ತ ಕೆಲಸ ಮಾಡುತ್ತಿದ್ದರು— ದಖ್ನಿ ಉರ್ದುವಿನಲ್ಲಿ ಶುರುವಾದ ಜಗಳ ಇಂಗ್ಲಿಷಿಗೆ ಬಂದು, ನನ್ನನ್ನು ಕಂಡ ಕೂಡಲೇ ಕನ್ನಡಕ್ಕೆ ತಿರುಗುತ್ತಿತ್ತು. “ನೋಡಿ ಭಾಭಿ, ಇವಳಿಗೆ ನಾನು ಹೇಳಿದ್ದು ಒಂದೂ ಬೇಡ.” “ನೋಡಿ ಆಂಟಿ, ಅಬ್ಬಾಗೆ ಸ್ಪ್ಯಾನರ್ ಕೊಟ್ರೆ ಸಾಕು, ರಾಜ ಆಗ್ಬಿಡ್ತಾರೆ.”

ನಾನು ಸೀಟುಗಳಿಗೆ ಹೊದಿಕೆ ಹೊಲಿದೆ. ತುಕ್ಕು ಉಜ್ಜಿದೆ. ಬಣ್ಣ ಬಳಿದೆ. ಯಾರಿಗೂ ಸಂಬಳವಿಲ್ಲ, ಯಾರೂ ಬಾ ಎಂದವರಿಲ್ಲ. ಶನಿವಾರ ಭಾನುವಾರ ಬಂದರೆ ಎಲ್ಲರೂ ಅಲ್ಲಿರುತ್ತಿದ್ದೆವು. ಎಂಜಿನ್ ಮೊದಲ ಸಲ ಶುರುವಾದ ದಿನ ಶೆಡ್ಡಿನ ತುಂಬ ಹೊಗೆ. ಆ ಹೊಗೆಯಲ್ಲಿ ಮುನಿರಾಜಣ್ಣ ತೆಂಗಿನಕಾಯಿ ಒಡೆಯುತ್ತಿದ್ದರು, ಇಕ್ಬಾಲ್ ಭಾಯಿ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದರು. ನನ್ನ ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ನಾನು ಮುಂದೆ ಮಾಡಿದ್ದಕ್ಕೆ ಗಂಡನ ಮೇಲಿನ ಪ್ರೀತಿಯೊಂದೇ ಕಾರಣವೆಂದು ಹೇಳಿಕೊಂಡರೆ ಅದೂ ಒಂದು ಸುಳ್ಳಾದೀತು. ಆ ಶೆಡ್ ನನಗೂ ಬೇಕಾಗಿತ್ತು.

ಇವರ ಮರೆವು ನನಗೆ ಮೊದಲು ಗೊತ್ತಾದದ್ದು ಹಳೆ ಮದ್ರಾಸ್ ರಸ್ತೆಯ ಒಂದು ಸಿಗ್ನಲಿನಲ್ಲಿ. ಶೆಡ್ಡಿಗೆ ಹೊರಟಿದ್ದೆವು. ಹಸಿರು ದೀಪ ಬಂತು. ಕಾರು ಕದಲಲಿಲ್ಲ. ಹಿಂದಿನಿಂದ ಹಾರ್ನುಗಳ ಸುರಿಮಳೆ. ಇವರು ಸ್ಟೀರಿಂಗ್ ಹಿಡಿದುಕೊಂಡು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

“ವಸು, ನಾವು ಎಲ್ಲಿಗೆ ಹೊರಟಿದ್ವಿ?”

“ಶೆಡ್‌ಗೆ ಕಣ್ರೀ.”

“ಹೌದಲ್ಲ,” ಎಂದು ನಕ್ಕರು. ನಾನೂ ನಕ್ಕೆ. ಉಳಿದ ದಾರಿಯುದ್ದಕ್ಕೂ ಪ್ರತಿ ತಿರುವನ್ನೂ ನಾನೇ ಹೇಳಿದೆ.

ಆಮೇಲೆ ಒಂದೊಂದಾಗಿ ಕಾಣತೊಡಗಿದವು. ಜೋಗುಪಾಳ್ಯದ ಅಂಗಡಿಗೆ ಹೋದವರು ದಾರಿ ತಪ್ಪಿ ಆಟೋದಲ್ಲಿ ಬಂದರು— ರಸ್ತೆ ಅಗೆದಿದ್ದಾರೆ ಎಂದರು. ಅಗೆದಿರಲಿಲ್ಲ. ತೀರಿಹೋದ ತಮ್ಮನ ಹೆಸರು ಹಿಡಿದು ಮುನಿರಾಜಣ್ಣನನ್ನು ಕರೆದರು. ಕಾರನ್ನು ನಾನೇ ಓಡಿಸತೊಡಗಿದೆ. ಇವರಿಗೆ ಮಂಡಿ ನೋವು ಎಂದು ಎಲ್ಲರಿಗೂ ಹೇಳಿದೆ. ಅದು ನನ್ನ ಮೊದಲ ಸುಳ್ಳು. ಮರುವಾರವೇ ಇಕ್ಬಾಲ್ ಭಾಯಿ ತಮ್ಮ ಕೇರಿಯ ಹಕೀಮರಿಂದ ಮಂಡಿಗೆ ಹಚ್ಚುವ ಎಣ್ಣೆ ತಂದು, ತಾವೇ ಬಗ್ಗಿ ಕೂತು, ಇವರ ಪ್ಯಾಂಟು ಮಡಿಸಿ, ನೋವೇ ಇಲ್ಲದ ಮಂಡಿಗೆ ತಿಕ್ಕಿದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

ಇವರಿಗೂ ಗೊತ್ತಿತ್ತು. ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಬಾಗಿಲಿಗೆ ಬಂದು ನಿಂತರು. “ನನ್ನೊಳಗೆ ಏನೋ ಸೋರ್ತಾ ಇದೆ ವಸು. ಪೂರ್ತಿ ಖಾಲಿಯಾಗೋಕೆ ಮುಂಚೆ ಒಂದೇ ಒಂದ್ಸಲ ಮೇಲೆ ಹೋಗಿ ಬಂದ್ಬಿಡ್ತೀನಿ. ಆಮೇಲೆ ಯಾರಿಗೆ ಬೇಕಾದ್ರೂ ಹೇಳು.”

ಒಂದೇ ಒಂದು ಸಲ— ನಾನು ಒಪ್ಪಿದೆ.

ಹಾರುವ ಮುಂಚಿನ ಪರೀಕ್ಷೆಗೆ ಇವರ ಜೊತೆ ನಾನೂ ಹೋಗಿದ್ದೆ. ಕಣ್ಣು, ಕಿವಿ, ಎದೆ, ಎಲ್ಲ ಸರಿಯಿತ್ತು. ಡಾಕ್ಟರು ನನ್ನ ಕಡೆ ತಿರುಗಿ, “ಮನೇಲಿ ಇವರಲ್ಲಿ ಏನಾದ್ರೂ ಬದಲಾವಣೆ ಕಂಡಿದೆಯಾ ಮೇಡಂ?” ಎಂದು ಕೇಳಿದರು. “ಸ್ವಲ್ಪ ಮಂಡಿ ನೋವು ಅಂತಾರೆ, ಅಷ್ಟೆ,” ಎಂದೆ.

ಮನೆಯಲ್ಲಿ ನಾನು ಇವರಿಗೆ ಪಾಠ ಶುರು ಮಾಡಿದ್ದೆ. ಜೀವನವಿಡೀ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ನನಗೆ ಬರುತ್ತಿದ್ದದ್ದು ಅದೊಂದೇ. ಊಟದ ಮೇಜಿನ ಮೇಲೆ ವಿಮಾನದ ಹಿಡಿಗಳಿರುವ ಹಾಗೆ ಚಮಚಗಳನ್ನು ಜೋಡಿಸುತ್ತಿದ್ದೆ. ಅವುಗಳಲ್ಲಿ ಒಂದು ಸಣ್ಣ ಚಮಚ ಪೆಟ್ರೋಲಿನ ಹಿಡಿ. ಆ ವಿಮಾನಕ್ಕೆ ಎರಡು ಟ್ಯಾಂಕ್— ಎಡ ರೆಕ್ಕೆಯಲ್ಲೊಂದು, ಬಲ ರೆಕ್ಕೆಯಲ್ಲೊಂದು. ಎಡದಲ್ಲಿರುವುದು ಖಾಲಿಯಾಗುವ ಮುಂಚೆ ಪೈಲಟ್ ನೆನಪಿಟ್ಟುಕೊಂಡು ಹಿಡಿಯನ್ನು ಬಲಕ್ಕೆ ತಿರುಗಿಸಬೇಕು. ಮರೆತರೆ ಇನ್ನೊಂದು ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಎಂಜಿನ್ ನಿಂತುಹೋಗುತ್ತದೆ.

“ಅರ್ಧ ದಾರಿ ಆಯ್ತು. ಈಗ?” ನಾನು ಕೇಳುತ್ತಿದ್ದೆ.

“ಎಡದಿಂದ ಬಲಕ್ಕೆ,” ಎಂದು ಚಮಚ ತಿರುಗಿಸುತ್ತಿದ್ದರು.

“ಶಭಾಷ್.”

ಒಮ್ಮೆಯೂ ತಪ್ಪಲಿಲ್ಲ. ಊಟದ ಮೇಜಿನ ಮುಂದೆ ಕೂತು ಒಂದು ಸಲವೂ ಇವರು ತಪ್ಪಲಿಲ್ಲ. ಅಷ್ಟು ಸಾಕು ಎಂದು ನಾನು ನನಗೆ ಹೇಳಿಕೊಂಡೆ.

ವಿಮಾನದ ರೆಕ್ಕೆ ಬಿಚ್ಚಿ, ಲಾರಿಯಲ್ಲಿ ಊರಾಚೆಯ ಒಂದು ಸಣ್ಣ ರನ್‌ವೇಗೆ ಸಾಗಿಸಿ, ಅಲ್ಲಿ ಮತ್ತೆ ಜೋಡಿಸಿದೆವು. ಮೊದಲ ಸಲ ಇವರೊಬ್ಬರೇ ಹಾರಿದರು. ಸುಮ್ಮನೆ ಒಂದು ಸುತ್ತು. ಇಳಿದಾಗ ಇವರ ಮುಖ ಹೇಗಿತ್ತೆಂದರೆ— ಅದನ್ನು ಬರೆಯುವ ಹಕ್ಕು ನನಗಿಲ್ಲ. ಮುನಿರಾಜಣ್ಣ ಹಾರ ಹಾಕಿದರು. ಇಕ್ಬಾಲ್ ಭಾಯಿ ಎಂಜಿನ್ನಿಗೆ ಮುತ್ತು ಕೊಟ್ಟರು. ಒಂದು ಸಲ ಮುಗಿಯಿತು. ನಾನು ಆಗ ಬಾಯಿ ತೆರೆಯಬೇಕಿತ್ತು. ಎಲ್ಲರೂ ಇವರನ್ನು ಸುತ್ತುವರಿದು ನಿಂತಿದ್ದರು, ನನ್ನ ಕೈ ಕುಲುಕುತ್ತಿದ್ದರು, ಮತ್ತು ನಾನು— ಪೈಲಟ್‌ನ ಹೆಂಡತಿಯಾಗಿ ನಿಂತಿರುವುದು ನನಗೆ ಇಷ್ಟವಾಗುತ್ತಿತ್ತು. ಇದು ನಿಂತರೆ ಉಳಿಯುವುದು ಮನೆ, ನಾನು, ಇವರ ಮರೆವು. ಅದಕ್ಕೆ ಹೆದರಿದೆ. ಮುಂದಿನ ವಾರ ಎರಡನೆಯ ಹಾರಾಟ. ಅದೂ ಚೆನ್ನಾಗಿ ಆಯಿತು.

ಮೂರನೆಯದು ಸ್ವಲ್ಪ ದೂರದ್ದು. ರೇಡಿಯೋ ದೂರದಿಂದ ಹೇಗೆ ಕೇಳುತ್ತದೆಂದು ನೋಡಲು ನಸ್ರೀನ್ ಹಿಂದಿನ ಸೀಟಿನಲ್ಲಿ ಕೂರುವುದೆಂದು ಆಯಿತು. ಬೆಳಗಿನ ಬಿಸಿಲು ಆಗಷ್ಟೇ ಏರುತ್ತಿತ್ತು. ಇವರು ವಿಮಾನದ ಪಕ್ಕ ನಿಂತು, ಹತ್ತುವುದು ಎಲ್ಲಿಂದ ಎಂಬಂತೆ ರೆಕ್ಕೆಯನ್ನು ನೋಡುತ್ತಿದ್ದರು. ನಾನು ಹೋಗಿ ಇವರ ಕೈಯನ್ನು ಹಿಡಿಯಬೇಕಾದ ಜಾಗದ ಮೇಲೆ ಇಟ್ಟೆ— ಮಂಡಿ ನೋವಿನವರಿಗೆ ಸಹಾಯ ಮಾಡುವ ಹಾಗೆ. ನಸ್ರೀನ್ ಅದನ್ನು ಗಮನಿಸಿದಳು. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು.

“ಆಂಟಿ, ಅಂಕಲ್ ಇವತ್ತು ಒಂಥರಾ ಇದ್ದಾರಲ್ಲ? ಬೇಕಾದ್ರೆ ಇನ್ನೊಂದಿನ ಹೋಗೋಣ.”

“ಏನಿಲ್ಲಮ್ಮಾ. ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ಅಷ್ಟೆ. ನೀನು ಹತ್ತು.”

ನೀನು ಹತ್ತು. ಆ ಎರಡು ಮಾತು ಈಗಲೂ ನನ್ನ ಕಿವಿಯಲ್ಲಿದೆ. ಅವಳು ಹತ್ತಿದಳು. ನಾನು ಹೇಳಿದೆನೆಂದೇ ಹತ್ತಿದಳು.

ಅವರು ಹಿಂತಿರುಗುವಾಗ ನಾವೆಲ್ಲ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡುತ್ತಿದ್ದೆವು. ಸದ್ದು ಹತ್ತಿರವಾಗುತ್ತಿತ್ತು. ನಂತರ ಸದ್ದು ಎರಡು ಬಾರಿ ಬಿಕ್ಕಿ ನಿಂತಿತು. ಇಕ್ಬಾಲ್ ಭಾಯಿ “ಯಾ ಅಲ್ಲಾ” ಎಂದರು. ವಿಮಾನ ಗಾಳಿಯಲ್ಲಿ ಸದ್ದಿಲ್ಲದೆ ಜಾರುತ್ತ ಇಳಿಯಿತು. ರನ್‌ವೇ ಮುಟ್ಟಲಿಲ್ಲ. ಬೇಲಿಯಾಚೆ ಕುಯ್ದ ರಾಗಿ ಹೊಲದಲ್ಲಿ ಚಕ್ರ ಊರಿ, ಬದುವಿಗೆ ಬಡಿದು, ಹೊರಳಿ ಒಂದು ಮಗ್ಗುಲಿಗೆ ಕುಸಿಯಿತು.

ಮುನಿರಾಜಣ್ಣನ ಜೀಪಿನಲ್ಲಿ ನಾನು ಅವರ ಪಕ್ಕದಲ್ಲಿದ್ದೆ. ಇಕ್ಬಾಲ್ ಭಾಯಿ ರನ್‌ವೇಯ ಮತ್ತೊಂದು ತುದಿಯಿಂದ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡಿ ಬರುತ್ತಿದ್ದರು. ನಾವು ಅವರಿಗಿಂತ ಮುಂಚೆ ತಲುಪಿದೆವು. ಮುನಿರಾಜಣ್ಣ ನೇರ ನಸ್ರೀನಳ ಕಡೆ ಹೋದರು. ನಾನು ಇವರ ಕಡೆ. ಹಣೆಯಲ್ಲಿ ಒಂದಿಷ್ಟು ರಕ್ತ ಬಿಟ್ಟರೆ ಇವರಿಗೆ ಏನೂ ಆಗಿರಲಿಲ್ಲ. ಶಾಂತವಾಗಿ ಮುಂದೆ ನೋಡುತ್ತ ಕೂತಿದ್ದರು. ನಾನು ಇವರ ಕೆನ್ನೆ ಮುಟ್ಟಿದೆ. ಆಮೇಲೆ ನನ್ನ ಕಣ್ಣು ಆ ಹಿಡಿಯ ಮೇಲೆ ಬಿತ್ತು.

ಎಡಕ್ಕಿತ್ತು.

ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಆ ಹೊಲದಲ್ಲಿ ಆ ಕ್ಷಣ ಅದು ನನಗೊಬ್ಬಳಿಗೇ ತಿಳಿದಿತ್ತು. ನನ್ನ ಕೈ ಹಿಡಿಯತ್ತ ಹೋಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಎಡಕ್ಕೂ ಬಲಕ್ಕೂ ನಡುವೆ ‘ಬಂದ್’ ಎಂಬ ಜಾಗವೊಂದಿದೆ. ಬಿದ್ದ ವಿಮಾನಕ್ಕೆ ಬೆಂಕಿ ಹತ್ತದಿರಲಿ ಎಂದು ಯಾರೇ ಆದರೂ ಹಿಡಿಯನ್ನು ಅಲ್ಲಿಗೆ ತರುತ್ತಾರೆ. ಗಾಬರಿಯಲ್ಲಿ ಹಾಗೆ ಮಾಡಿದೆ ಎಂದು ಇವತ್ತು ನಾನು ಹೇಳಬಹುದಿತ್ತು. ಆದರೆ ನನ್ನ ಕೈ ಅಲ್ಲಿ ನಿಲ್ಲಲಿಲ್ಲ. ಬಂದ್ ಎಂಬಲ್ಲಿ ಸಣ್ಣಗೆ ಟಕ್ ಎಂದಿತು, ಬೆರಳಿಗೆ ಗೊತ್ತಾಯಿತು, ಅದನ್ನೂ ದಾಟಿ ಬಲಕ್ಕೆ ಒಯ್ದೆ. ಪಕ್ಕದಲ್ಲೇ ನಸ್ರೀನ್ “ಅಬ್ಬಾ, ಅಬ್ಬಾ” ಎಂದು ಕೂಗುತ್ತಿದ್ದಳು. ಅದು ಕೇಳುತ್ತಿದ್ದಾಗಲೇ ಮಾಡಿದೆ.

ಅವಳ ಎಡಗಾಲು ಮಂಡಿಯ ಕೆಳಗೆ ಜಜ್ಜಿಹೋಗಿತ್ತು. ಉಳಿಸಲಾಗಲಿಲ್ಲ.

ವಿಚಾರಣೆಗೆ ಬಂದವರು ನೋಡಿದರು. ಹಿಡಿ ಬಲಕ್ಕಿದೆ, ಬಲದ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಟ್ಯಾಂಕ್ ಬದಲಿಸಿದಿರಾ ಎಂದು ಇವರನ್ನು ಕೇಳಿದರು. “ಬದಲಿಸಿದೆ. ಎಡದಿಂದ ಬಲಕ್ಕೆ,” ಎಂದರು ಇವರು, ಎಳ್ಳಷ್ಟೂ ಅನುಮಾನವಿಲ್ಲದೆ. ಇವರು ಸುಳ್ಳು ಹೇಳಲಿಲ್ಲ. ಊಟದ ಮೇಜಿನ ಮೇಲೆ ಎಷ್ಟೋ ಸಲ ಬದಲಿಸಿದ್ದರಲ್ಲ— ಅದು ಇವರ ನೆನಪಿನಲ್ಲಿ ಉಳಿದಿತ್ತು. ಆ ನೆನಪನ್ನು ಇಟ್ಟವಳು ನಾನು. ಪೆಟ್ರೋಲಿನದು ತಪ್ಪಿಲ್ಲವೆಂದ ಮೇಲೆ ಉಳಿದದ್ದು ಎಂಜಿನ್. ಬಿಚ್ಚಿ ನೋಡಿದಾಗ ಪೆಟ್ರೋಲ್ ಹರಿಯುವ ದಾರಿಯಲ್ಲಿ ರಬ್ಬರ್ ಪೈಪಿನ ಒಂದು ಚೂರು ಸಿಕ್ಕಿತು. ಹಳೆಯ ಎಂಜಿನ್ನಿನಲ್ಲಿ ಎಲ್ಲಿ ಹುಡುಕಿದರೂ ಅಂಥದೊಂದು ಸಿಗುತ್ತದಂತೆ. ಆದರೂ ಅದು ಸಾಕಾಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಇಕ್ಬಾಲ್ ಭಾಯಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ನನ್ನನ್ನು ಕಂಡು ಎರಡೂ ಕೈ ಎತ್ತಿ ತೋರಿಸಿದರು. “ಮೇರೇಚ್ ಹಾತಾಂಸೆ ಹುವಾ ಭಾಭಿ. ನನ್ನ ಕೈಯಿಂದಾನೇ ಆಯ್ತು. ಆ ಪೈಪ್ ನಾನೇ ಹಾಕಿದ್ದು. ನನ್ನ ಮಗಳು ಭಾಭಿ…”

ನಾನು ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದೆ. “ಹಾಗೆಲ್ಲ ಅಂದ್ಕೋಬೇಡಿ ಭಾಯಿ. ಯಾರ ತಪ್ಪೂ ಅಲ್ಲ.” ಯಾರ ತಪ್ಪೂ ಅಲ್ಲ— ಎಂಥ ಮಾತು ಆಡಿದೆ ನಾನು.

ಅಂದಿನಿಂದ ಅವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಮನೆಯ ಮಿಕ್ಸಿ ಕೆಟ್ಟರೂ ಹೊರಗೆ ಕೊಡುತ್ತಿದ್ದರಂತೆ. ಸ್ಪ್ಯಾನರುಗಳ ಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟರು. ಆ ದೊಡ್ಡ ಗಂಟಲು ಮತ್ತೆ ಕೇಳಲಿಲ್ಲ. ವಿಮಾನ ಶೆಡ್ಡಿನಲ್ಲಿ ಟಾರ್ಪಾಲಿನಡಿ ಮಲಗಿತು. ಶನಿವಾರ ಭಾನುವಾರಗಳು ಮುಗಿದವು.

ನಸ್ರೀನ್ ಮಾತ್ರ ಬರುತ್ತಿದ್ದಳು. ಹೊಸ ಕಾಲು ಹಾಕಿಸಿಕೊಂಡು, ಒಂದು ಕೋಲು ಹಿಡಿದು, ಪಾಲಿಟೆಕ್ನಿಕ್ಕಿನಿಂದ ಹಿಂತಿರುಗುವಾಗ ಆಟೋ ನಿಲ್ಲಿಸಿ ನಮ್ಮ ಮನೆಗೆ ಬರುತ್ತಿದ್ದಳು. ಹಬ್ಬಕ್ಕೆ ಶೀರ್ ಖುರ್ಮಾ ಪಾಯಸ ತರುತ್ತಿದ್ದಳು. ಇವರ ಜೊತೆ ಹೊತ್ತುಗಟ್ಟಲೆ ಕೂರುತ್ತಿದ್ದಳು. ಅಷ್ಟರಲ್ಲಿ ಇವರ ಮರೆವು ಮುಚ್ಚಿಡುವ ಹಂತ ದಾಟಿತ್ತು. ಅಪಘಾತದ ಪೆಟ್ಟಿನಿಂದ ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡರು. ನಾನು ಅಲ್ಲವೆನ್ನಲಿಲ್ಲ. ಅದರ ಭಾರವೂ ಇಕ್ಬಾಲ್ ಭಾಯಿಯ ಹೆಗಲಿಗೇ ಹೋಯಿತು.

ನನ್ನ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಹೇಳುತ್ತೇನೆ. ಮಧ್ಯಾಹ್ನ ಊಟಕ್ಕೆ ಕೂತಾಗ ಇವರು ಅನ್ನ ಮುಟ್ಟುವ ಮುಂಚೆ ಚಮಚ ಎತ್ತಿಕೊಳ್ಳುತ್ತಿದ್ದರು. ತಟ್ಟೆಯ ಎಡಗಡೆ ಇಡುತ್ತಿದ್ದರು. ಮೆಲ್ಲಗೆ ಬಲಕ್ಕೆ ತಿರುಗಿಸುತ್ತಿದ್ದರು. ಆಮೇಲೆ ನನ್ನ ಮುಖ ನೋಡುತ್ತ ಕಾಯುತ್ತಿದ್ದರು— ಶಭಾಷ್ ಎನ್ನಲಿ ಎಂದು. ದೂರದ ಊರಿನಲ್ಲಿರುವ ನಮ್ಮ ಮಗನಿಗೆ ಇಟ್ಟ ಹೆಸರು ಮರೆತಿತ್ತು, ಅವನು ಫೋನಿನಲ್ಲಿ ಮಾತಾಡಿದರೆ ಯಾರೆಂದು ಕೇಳುತ್ತಿದ್ದರು, ಇದೊಂದು ಉಳಿದಿತ್ತು. ನಾನು ಚಮಚಗಳನ್ನೆಲ್ಲ ಎತ್ತಿಟ್ಟೆ. ಬೆರಳಿನಿಂದ ಮಾಡತೊಡಗಿದರು. ಒಮ್ಮೆ ನಸ್ರೀನ್ ಇದ್ದಾಗಲೇ ಮಾಡಿದರು. “ಇದೇನು ಅಂಕಲ್, ಹೊಸ ಆಟ?” ಎಂದು ಅವಳು ನಕ್ಕಳು. ನಾನು ಸಾರಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತೆ.

ಹೀಗೇ ಸಾಯುತ್ತಿದ್ದೆನೇನೋ. ಹೇಳದೆಯೇ.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಇಕ್ಬಾಲ್ ಭಾಯಿ ನಮ್ಮ ಮನೆಗೆ ಬಂದರು. ಅಪಘಾತವಾದ ಮೇಲೆ ಅವರು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಬಿಳಿ ಜುಬ್ಬಾ, ಬಿಳಿ ಗಡ್ಡ, ಅರ್ಧದಷ್ಟಾಗಿದ್ದರು. ಹಜ್ ಯಾತ್ರೆಗೆ ಹೊರಟಿದ್ದರು. ಹೊರಡುವ ಮುಂಚೆ, ತಮ್ಮಿಂದ ನೋವಾದವರ ಮನೆಗಳಿಗೆಲ್ಲ ಹೋಗಿ ಕ್ಷಮೆ ಕೇಳುವುದು ಅವರಲ್ಲಿ ಪದ್ಧತಿ. ಚಪ್ಪಲಿ ಬಿಟ್ಟು ಒಳಗೆ ಬಂದವರು ಕುರ್ಚಿಯ ಮೇಲೆ ಕೂರಲಿಲ್ಲ. ಇವರ ಮುಂದೆ ನೆಲದ ಮೇಲೆ ಕೂತು ಇವರ ಎರಡೂ ಕೈ ಹಿಡಿದುಕೊಂಡರು.

“ಸೋಮು ಸಾಬ್, ನನ್ನ ಎಂಜಿನ್ ನಿಮಗೆ ದಗಾ ಮಾಡ್ತು. ನಿಮ್ಮ ಈ ಸ್ಥಿತಿಗೆ ನಾನೇ ಕಾರಣ. ಮಾಫ್ ಮಾಡ್ಬಿಡಿ.”

ಇವರು ಅವರನ್ನೇ ನೋಡುತ್ತಿದ್ದರು. ಯಾರೆಂದು ತಿಳಿಯಲಿಲ್ಲ. ಭಾಯಿ ನನ್ನ ಕಡೆ ತಿರುಗಿದರು. “ಅವರ ಪರವಾಗಿ ನೀವು ಹೇಳಿ ಭಾಭಿ. ಮಾಫ್ ಮಾಡಿದೀವಿ ಅಂತ ಒಂದು ಮಾತು. ಇಲ್ಲದಿದ್ರೆ ಈ ಭಾರ ಇಟ್ಕೊಂಡು ಅಲ್ಲಿಗೆ ಹೇಗೆ ಹೋಗ್ಲಿ?”

ನಾನು ಹೇಳಿದೆ. “ಮಾಫ್ ಮಾಡಿದೀವಿ ಭಾಯಿ. ಹೋಗಿ ಬನ್ನಿ.”

ನಾನು. ಅವರನ್ನು. ಕ್ಷಮಿಸಿದೆ.

ಅವರು ಮುಖ ಮುಚ್ಚಿಕೊಂಡು ಅತ್ತರು. ಎದ್ದು ಹೋದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಕೈ ತೊಳೆದೆ. ಯಾಕೆ ತೊಳೆಯುತ್ತಿದ್ದೇನೆಂದು ಗೊತ್ತಿರಲಿಲ್ಲ. ಹೊಲದಲ್ಲಿ ಮಾಡಿದ್ದಕ್ಕೆ ಭಯ, ಗಾಬರಿ, ಮೋಹ, ಏನಾದರೂ ಒಂದು ಹೆಸರಿತ್ತು. ಅಂದು ಸಂಜೆ ನನ್ನ ಮನೆಯ ಬೆಳಕಿನಲ್ಲಿ ನಾನು ಮಾಡಿದ್ದಕ್ಕೆ ಯಾವ ಹೆಸರೂ ಸಿಗಲಿಲ್ಲ.

ಮರುದಿನ ಬೆಳಗ್ಗೆ ಪಕ್ಕದ ಮನೆಯವರನ್ನು ಇವರ ಜೊತೆ ಕೂರಿಸಿ ಶಿವಾಜಿನಗರಕ್ಕೆ ಹೋದೆ. ಭಾಯಿಯ ಮನೆ ಮೊದಲ ಮಹಡಿಯಲ್ಲಿ. ನಡುಮನೆಯ ಮಂಚದ ಮೇಲೆ ಯಾತ್ರೆಗೆ ಉಡುವ ಹೊಲಿಗೆಯಿಲ್ಲದ ಬಿಳಿ ಬಟ್ಟೆ ಮಡಿಸಿಟ್ಟಿತ್ತು. ನಸ್ರೀನ್ ಸೂಟ್‌ಕೇಸ್ ತುಂಬುತ್ತಿದ್ದಳು. “ಬನ್ನಿ ಆಂಟಿ, ಟೀ ಮಾಡ್ತೀನಿ,” ಎಂದಳು. ಬೇಡವೆಂದೆ. ಕೂರಲೂ ಇಲ್ಲ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ನಿಂತುಕೊಂಡೇ ಹೇಳಿದೆ— ಸಿಗ್ನಲ್, ಮಂಡಿ, ಡಾಕ್ಟರ ಪ್ರಶ್ನೆ, ನೀನು ಹತ್ತು ಎಂದದ್ದು, ಹಿಡಿ ಎಡಕ್ಕಿದ್ದದ್ದು, ನನ್ನ ಕೈ. ಕೆಳಗೆ ಬೀದಿಯಲ್ಲಿ ತಳ್ಳುಗಾಡಿಯವನು ಹಣ್ಣು ಕೂಗುತ್ತಿದ್ದ.

ಇಕ್ಬಾಲ್ ಭಾಯಿ ಒಂದೇ ಪ್ರಶ್ನೆ ಕೇಳಿದರು.

“ಮಧ್ಯೆ ಬಂದ್ ಇದೆಯಲ್ಲ. ಅಲ್ಲಿ ನಿಲ್ಲಿಸಲಿಲ್ವಾ?”

“ಇಲ್ಲ ಭಾಯಿ. ದಾಟಿಸಿದೆ.”

ಅವರು ತಲೆಯಾಡಿಸಿದರು, ಲೆಕ್ಕ ಸರಿಹೋಯಿತು ಎಂಬ ಹಾಗೆ. ಎದ್ದು ಒಳಗೆ ಹೋದರು.

ನಸ್ರೀನಳ ಕೈಯಲ್ಲಿ ಅಪ್ಪನ ಜುಬ್ಬಾ ಒಂದು ಹಾಗೇ ಇತ್ತು. “ಅಬ್ಬಾ ಈ ನಾಲ್ಕು ವರ್ಷ ನನ್ನ ಜೊತೆ ಕೂತು ಊಟ ಮಾಡಿಲ್ಲ ಆಂಟಿ,” ಎಂದಳು. “ನನ್ನ ಕಾಲು ಕಣ್ಣಿಗೆ ಬಿದ್ರೆ ಎದ್ದು ಹೋಗ್ತಿದ್ರು. ನಾನು ಎಷ್ಟು ಸಲ ಹೇಳಿದೆ, ನಿಮ್ಮ ತಪ್ಪಲ್ಲ ಅಂತ. ನಂಬಲೇ ಇಲ್ಲ. ಕಾಲು ಹೋಗಿದ್ದಕ್ಕಿಂತ ನನಗೆ ಅದೇ ಜಾಸ್ತಿ ನೋವು.” ಜುಬ್ಬಾ ಮಡಿಸಿ ಸೂಟ್‌ಕೇಸಿನಲ್ಲಿಟ್ಟಳು. “ಅಂಕಲ್ ಮೇಲೆ ನನಗೆ ಕೋಪ ಇಲ್ಲ. ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನಾನು ಕೇಳಿದ್ದೆ ನಿಮ್ಮನ್ನ.”

“ಹೌದಮ್ಮಾ. ನೀನು ಕೇಳಿದ್ದೆ.”

ಭಾಯಿ ಹೊರಗೆ ಬಂದರು. ಮುಖ ತೊಳೆದುಕೊಂಡಿದ್ದರು, ಗಡ್ಡದಿಂದ ನೀರು ಇಳಿಯುತ್ತಿತ್ತು. ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದು ಕಾದೆ.

“ನಿನ್ನೆ ಮಾಫ್ ಮಾಡಿದೀವಿ ಅಂದ್ರಲ್ಲ ಭಾಭಿ,” ಎಂದರು. “ಅದನ್ನ ವಾಪಸ್ ತಗೊಳ್ಳಿ.”

ನಾನು ಮಂಚದ ಮೇಲಿನ ಬಿಳಿ ಬಟ್ಟೆಯ ಕಡೆ ಕಣ್ಣು ತಿರುಗಿಸಿದೆ.

“ತಗೊಳ್ಳಿ. ನನಗೆ ಅದು ಬೇಡ. ಬಾಯಿಬಿಟ್ಟು ಹೇಳಿ.”

“ವಾಪಸ್ ತಗೊಂಡೆ ಭಾಯಿ,” ಎಂದೆ.

ಅವರು ಬಾಗಿಲು ತೆರೆದು ಹಿಡಿದರು. ನಾನು ಮೆಟ್ಟಿಲು ಇಳಿದೆ. ನನ್ನನ್ನು ಕ್ಷಮಿಸಿ ಎಂದು ನಾನು ಕೇಳಲಿಲ್ಲ. ಯಾತ್ರೆಗೆ ಹೊರಟ ಮನುಷ್ಯನನ್ನು ಆ ಇಕ್ಕಟ್ಟಿಗೆ ಸಿಲುಕಿಸುವುದು ಇನ್ನೊಂದು ಮೋಸವಾಗುತ್ತಿತ್ತು. ಕೆಳಗಿನ ಮೆಟ್ಟಿಲಲ್ಲಿದ್ದಾಗ ಮೇಲೆ ಅವರ ದನಿ ಕೇಳಿತು. ಮಗಳ ಹೆಸರು ಹಿಡಿದು ಕರೆಯುತ್ತಿದ್ದರು. ಮುಂದಿನದು ನನಗೆ ಕೇಳಿಸಬಾರದೆಂದು ಬೇಗ ಬೀದಿಗೆ ಇಳಿದೆ.

ಆ ವಾರವೇ ವಿಚಾರಣೆ ಮಾಡಿದವರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಅವರು ಏನು ಮಾಡುತ್ತಾರೋ ಇನ್ನೂ ತಿಳಿಸಿಲ್ಲ. ಏನು ಮಾಡಿದರೂ ಒಪ್ಪುತ್ತೇನೆ. ಮುನಿರಾಜಣ್ಣನಿಗೆ ಶೆಡ್ಡಿನಲ್ಲೇ ಹೇಳಿದೆ. ಅವರು ಬಹಳ ಹೊತ್ತು ಟಾರ್ಪಾಲಿನ ಕಡೆ ನೋಡುತ್ತಿದ್ದರು. “ನೀವು ಟೀಚರಮ್ಮ ಅಲ್ವಾ ಮೇಡಂ,” ಎಂದಷ್ಟೇ ಅಂದು, ಜೀಪ್ ಹತ್ತಿ ಹೊರಟುಹೋದರು. ಇಕ್ಬಾಲ್ ಭಾಯಿ ಯಾತ್ರೆ ಮುಗಿಸಿ ಬಂದು ತಿಂಗಳುಗಳಾದವಂತೆ. ಶೆಡ್ಡಿಗೆ ಒಂದು ದಿನ ಹೋಗಿದ್ದರೆಂದೂ, ಟಾರ್ಪಾಲು ಎತ್ತಿ ಎಂಜಿನ್ನಿನ ಮುಂದೆ ಕೂತಿದ್ದರೆಂದೂ, ಜೊತೆಯಲ್ಲಿ ನಸ್ರೀನ್ ಇದ್ದಳೆಂದೂ ಬೇರೆಯವರಿಂದ ತಿಳಿಯಿತು. ನಾನು ಆ ಕಡೆ ಹೋಗುವುದಿಲ್ಲ. ಹೋಗಬಾರದು.

ನಸ್ರೀನ್ ನಮ್ಮ ಮನೆಗೆ ಬರುವುದು ನಿಂತಿದೆ.

ಇವರಿಗೆ ಅವಳ ಹೆಸರು ಗೊತ್ತಿಲ್ಲ. ಆದರೂ ಸಂಜೆ ಗೇಟಿನ ಮುಂದೆ ಆಟೋ ನಿಂತ ಸದ್ದಾದರೆ ತಲೆ ಎತ್ತುತ್ತಾರೆ. “ಆ ಹುಡುಗಿ ಯಾಕೆ ಬರ್ತಾ ಇಲ್ಲ?” ಎಂದು ಕೇಳುತ್ತಾರೆ. ಊರಿಗೆ ಹೋಗಿದ್ದಾಳೆ ಎನ್ನಬಹುದು, ನಾಳೆ ಬರುತ್ತಾಳೆ ಎನ್ನಬಹುದು. ನಂಬುತ್ತಾರೆ, ಮರೆತೂ ಬಿಡುತ್ತಾರೆ. ನಾನು ಹಾಗೆ ಹೇಳುವುದಿಲ್ಲ.

“ನಾನು ಅವಳಿಗೂ ಅವಳ ಅಪ್ಪನಿಗೂ ಮೋಸ ಮಾಡಿದೆ ಕಣ್ರೀ. ಅದಕ್ಕೆ ಬರ್ತಿಲ್ಲ,” ಎನ್ನುತ್ತೇನೆ.

ಅಷ್ಟೇ ಹೇಳುತ್ತೇನೆ, ಇವರ ಪಾಲಿನದನ್ನು ಹೇಳುವುದಿಲ್ಲ. ಪ್ರತಿ ಸಲವೂ ಇವರು ಅದನ್ನು ಮೊದಲ ಬಾರಿಗೆ ಕೇಳುತ್ತಿದ್ದಾರೆ. ಪ್ರತಿ ಸಲವೂ ಮುಖ ಬಿದ್ದುಹೋಗುತ್ತದೆ, “ನೀನಾ? ನೀನು ಅಂಥೋಳಲ್ಲ ವಸು,” ಎನ್ನುತ್ತಾರೆ. ಹೌದು, ನಾನೇ ಎನ್ನುತ್ತೇನೆ. ಸ್ವಲ್ಪ ಹೊತ್ತು ನನ್ನಿಂದ ಮುಖ ತಿರುಗಿಸಿಕೊಂಡು ಕೂರುತ್ತಾರೆ. ಆಮೇಲೆ ಮರೆಯುತ್ತಾರೆ. ಮರುದಿನ ಸಂಜೆ ಮತ್ತೆ ಕೇಳುತ್ತಾರೆ. ನಾನು ಮತ್ತೆ ಹೇಳುತ್ತೇನೆ.